ಅತ್ತೆ ಎದುರು ಬಂದದ್ದು

ಎಪ್ಪತ್ತೊಂದರ ಚಳಿಗಾಲದಲ್ಲಿ ನನ್ನ ಗಂಡ ಪಾಕಿಸ್ತಾನದಲ್ಲಿದ್ದ ನಮ್ಮ ರಾಯಭಾರ ಕಚೇರಿಯ ಅಧಿಕಾರಿ. ನಾನು ಸವದತ್ತಿಯ ಅತ್ತೆಮನೆಯ ಪಡಸಾಲೆಯಲ್ಲಿ ರೇಡಿಯೋದ ಕಿವಿ ಹಿಂಡುತ್ತ ಕೂತವಳು. ಯುದ್ಧ ಗೆದ್ದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಅವರು ಹೇಳಲಿ.

ಮದುವೆಯಾಗಿ ಮೂರು ವರ್ಷದಲ್ಲಿ ಎರಡು ದೇಶ ನೋಡಿದ್ದೆ. ಬೈಲಹೊಂಗಲದ ಹತ್ತಿ ವ್ಯಾಪಾರಿಯ ಮಗಳು ನಾನು, ಮೀನಿನ ತಟ್ಟೆ ಮುಂದೆ ಬಂದರೂ ಮುಖ ಕಿವುಚದೆ ನಗುವುದನ್ನು ಕಲಿತಿದ್ದೆ. ಯಾರ ಪಕ್ಕ ಯಾರನ್ನು ಕೂರಿಸಬಾರದು, ದೊಡ್ಡವರು ಮಾತಿನ ನಡುವೆ ಸುಮ್ಮನಾದರೆ ಅದರ ಅರ್ಥವೇನು, ಎಲ್ಲ ತಿಳಿಯುತ್ತಿತ್ತು. ಮನೆಯಲ್ಲಿ ಮುಖ್ಯವಾದ ಮಾತಿದ್ದರೆ ನನ್ನ ಗಂಡ ಮೊದಲು ರೇಡಿಯೋ ದೊಡ್ಡದು ಮಾಡುತ್ತಿದ್ದರು, ಯಾರಾದರೂ ಕದ್ದು ಕೇಳುತ್ತಿರಬಹುದೆಂದು. ನಮ್ಮ ಸಂಸಾರದ ಅರ್ಧ ಮಾತು ಹಾಡಿನ ಗದ್ದಲದಲ್ಲೇ ನಡೆದದ್ದು.

ಗಡಿಯಲ್ಲಿ ಬಿಗುವು ಹೆಚ್ಚಿದಾಗ ಹೆಂಡಂದಿರನ್ನೂ ಮಕ್ಕಳನ್ನೂ ದೇಶಕ್ಕೆ ಕಳಿಸಿಬಿಟ್ಟರು. ನಮಗಾಗ ಇನ್ನೂ ಮಕ್ಕಳಿರಲಿಲ್ಲ. ನಾನೊಬ್ಬಳೇ ಸವದತ್ತಿಗೆ ಬಂದೆ. ಅತ್ತೆಯವರು ವಿಧವೆ, ಇವರೊಬ್ಬರೇ ಮಗ. ಬಂದ ದಿನ ಕೈಹಿಡಿದು ಒಳಗೆ ಕರೆದುಕೊಂಡು, ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಎದುರಿಗೆ ಕೂತು ಉಣ್ಣಿಸಿದರು.

ಆಮೇಲೆ ಯುದ್ಧ ಶುರುವಾಯಿತು. ಅಲ್ಲಿರುವ ನಮ್ಮವರನ್ನೆಲ್ಲ ಅವರವರ ಮನೆಯಲ್ಲೇ ಕೂಡಿಹಾಕಿ ಬಾಗಿಲಿಗೆ ಪೊಲೀಸರನ್ನು ಇಟ್ಟಿದ್ದಾರೆಂದು ದೆಹಲಿಯಿಂದ ತಿಳಿಯಿತು. ಅದಾದ ಮೇಲೆ ಸುದ್ದಿಯೇ ಇಲ್ಲ. ಮರುದಿನದಿಂದ ಅತ್ತೆಯವರು ನನಗೆ ಮುಖ ತೋರಿಸುವುದನ್ನು ಬಿಟ್ಟರು.

ಹಿತ್ತಲ ಕಡೆಯ ಕೋಣೆ ಸೇರಿದರು. ನನ್ನ ಚಹಾ, ಊಟ ಎಲ್ಲ ಮನೆಗೆಲಸದಾಕೆಯ ಕೈಯಲ್ಲಿ ಬರುತ್ತಿತ್ತು. ನಡುಮನೆಯಲ್ಲಿ ನಾನು ಕಂಡರೆ ಸಾಕು, ಸೆರಗು ಎಳೆದುಕೊಂಡು ಹಿಂದಕ್ಕೆ ಹೊರಳುತ್ತಿದ್ದರು. ಕೆಲಸದಾಕೆಯನ್ನು ಕೇಳಿದೆ. "ಅವರ ಮನಸು ಚಲೋ ಇಲ್ಲ, ಬಿಡ್ರಿ ಅಕ್ಕಾರ" ಅಂದಳು. ಮಗನನ್ನು ಬಿಟ್ಟು ಜೀವ ಉಳಿಸಿಕೊಂಡು ಬಂದವಳೆಂದು ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡೆ. ನನಗೂ ಸಿಟ್ಟು ನೆತ್ತಿಗೇರಿತು. ನಾನೇನು ಬೇಕೆಂದು ಬಂದೆನೇ? ಸರಕಾರ ಕಳಿಸಿತು, ಬಂದೆ. ನಾನೂ ಬಿಗಿದುಕೊಂಡು ಕೂತೆ.

ಊರಿನಲ್ಲಿ ಆಗ ಹೊಸ್ತಿಲ ಹುಣ್ಣಿಮೆ ಮುಗಿದಿತ್ತು. ಆ ಹುಣ್ಣಿಮೆಗೆ ಗುಡ್ಡದ ಎಲ್ಲಮ್ಮ ಗಂಡನನ್ನು ಕಳೆದುಕೊಳ್ಳುತ್ತಾಳೆ, ಬಳೆ ಒಡೆಯುತ್ತಾರೆ. ಎರಡು ತಿಂಗಳು ಕಳೆದು ಇನ್ನೊಂದು ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ದೇವಿಯೇ ಬಳೆಯಿಲ್ಲದೆ ಕೂತ ಆ ದಿನಗಳಲ್ಲಿ ಮಾತಾಡಿಸಲು ಬಂದ ಹೆಂಗಸರು ನನ್ನ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. "ಸುದ್ದಿ ಏನರ ಬಂತೇನ್ರಿ?" ಎಂದು ಕೇಳಿ, ಇಲ್ಲ ಅಂದರೆ ಬೇಗ ಎದ್ದುಹೋಗುತ್ತಿದ್ದರು. ಅಂಥ ಒಂಟಿತನ ನನಗೆ ಭಾಷೆ ಬಾರದ ಪರದೇಶದಲ್ಲೂ ಗೊತ್ತಿರಲಿಲ್ಲ. ಎಷ್ಟು ಸಿಟ್ಟಿದ್ದರೂ ಸಂಜೆ ಧಾರವಾಡದ ವಾರ್ತೆ ಬರುವಾಗ ಮಾತ್ರ ರೇಡಿಯೋ ದೊಡ್ಡದು ಮಾಡುತ್ತಿದ್ದೆ, ಹಿತ್ತಲ ಕೋಣೆಗೂ ಕೇಳಲಿ ಎಂದು.

ಯುದ್ಧ ಮುಗಿಯಿತು. ಊರಲ್ಲಿ ಪೇಡೆ ಹಂಚಿದರು. ನಮ್ಮ ಮನೆಗೆ ಬಂದ ಪೇಡೆ ತಟ್ಟೆಯಲ್ಲೇ ಒಣಗಿತು.

ಕೊನೆಗೊಂದು ದಿನ ಅಂಚೆಯವನು ಬಾಗಿಲಲ್ಲಿ ನಿಂತು "ತಂತಿ ಬಂದೈತ್ರಿ" ಅಂದ. ಆಗ ತಂತಿ ಎಂದರೆ ಸಾವು. ಬಾಗಿಲಲ್ಲೇ ಒಡೆದೆ. ತಟಸ್ಥ ದೇಶದವರೊಬ್ಬರು ನಡುವೆ ನಿಂತು ಎರಡೂ ಕಡೆಯವರನ್ನು ಅದಲುಬದಲು ಮಾಡಿಸಿದ್ದರು. ಇವರು ದೆಹಲಿ ತಲುಪಿದ್ದರು.

"ಅತ್ತೀ, ದಿಲ್ಲಿಗೆ ಬಂದಾರಂತ್ರಿ! ಆರಾಮ ಅದಾರಂತ!" ಎಂದು ಕೂಗುತ್ತ ಹಿತ್ತಲ ಕೋಣೆಗೆ ನುಗ್ಗಿದೆ. ಅತ್ತೆಯವರು ನೆಲದ ಮೇಲೆ ಕುಸಿದು ಕೂತಿದ್ದರು. ನನ್ನನ್ನು ಕಂಡವರೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ಅಂವ ಮನಿಗೆ ಬರೂತನಕ ಬ್ಯಾಡ ಯವ್ವಾ. ನನ್ನಂಥಾಕಿ ಮುಖ ನೀ ನೋಡಬಾರದು. ನನ್ನ ಹಣೇಬರಾ ನಿನಗ ಹತ್ತೀತು."

"ಅದಕ್ಕ ಮಾತ ಬಿಟ್ಟಿದ್ರೇನ್ರಿ?"

"ಮತ್ಯಾತಕ್ಕ?"

ಯಾರ ಮೌನಕ್ಕೆ ಏನರ್ಥವೆಂದು ಬಲ್ಲೆ ಎಂದು ಮೆರೆದವಳು ನಾನು. ಅಳಬೇಕಾಗಿದ್ದರೆ ಇಬ್ಬರೂ ಕೂಡಿ ಅಳಬಹುದಿತ್ತು. ಒಂದೇ ಗೋಡೆಯ ಆಚೆಗೊಬ್ಬರು, ಈಚೆಗೊಬ್ಬರು ಕೂತು ಆ ದಿನಗಳನ್ನು ಸವೆಸಿದೆವು. 

ಇವರು ಬಂದರು, ಬಡಕಲಾಗಿದ್ದರು. ಹುಟ್ಟಿದ ಮನೆಯಲ್ಲೂ ನನ್ನೊಡನೆ ಮಾತಾಡುವ ಮೊದಲು ರೇಡಿಯೋ ಹಚ್ಚುತ್ತಿದ್ದರು. ಕೂಡಿಹಾಕಿದ್ದ ದಿನಗಳ ಬಗ್ಗೆ ಕೇಳಿದರೆ "ಹೂವಿನ ಕುಂಡದಾಗಿನ ಗಿಡಕ್ಕ ದಿನಾ ನೀರ ಹಾಕೇನಿ" ಎಂದಷ್ಟೇ ಹೇಳಿದರು. ಕೆಲವೇ ತಿಂಗಳಲ್ಲಿ ದೂರದ ಇನ್ನೊಂದು ದೇಶಕ್ಕೆ ಬಡ್ತಿಯ ಮೇಲೆ ವರ್ಗವಾಯಿತು.

ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ಬಾಡಿಗೆ ಕಾರು ನಿಂತಿತ್ತು. ಗುಡ್ಡದ ದೇವಿಗೆ ಬಳೆ ತೊಡಿಸಿ ಆಗಲೇ ಬಹಳ ದಿನವಾಗಿತ್ತು. ನಮ್ಮ ಅತ್ತೆಯವರು ಮಾತ್ರ ಮತ್ತೆ ಹಿತ್ತಲ ಕೋಣೆ ಸೇರಿದ್ದರು. ಪ್ರಯಾಣಕ್ಕೆ ಹೊರಟವರಿಗೆ ವಿಧವೆ ಎದುರು ಬರಬಾರದಲ್ಲ!

"ಅತ್ತಿ ಎದುರಿಗೆ ಬರೂತನಕ ನಾ ಹೊಸ್ತಿಲಾ ದಾಟೂದಿಲ್ಲ" ಅಂದೆ.

"ವ್ಯಾಳ್ಯಾ ಆತು, ನಡಿ" ಅಂದರು ಇವರು. ಎರಡು ದೇಶಗಳ ನಡುವೆ ಮಾತುಕತೆ ನಡೆಸುವ ಮನುಷ್ಯ, ತಾಯಿ ಮತ್ತು ಹೆಂಡತಿಯ ನಡುವೆ ಕೈಗಡಿಯಾರ ನೋಡುತ್ತ ನಿಂತರು. ನಾನು ಚೀಲ ಕೆಳಗಿಟ್ಟು ಹೊಸ್ತಿಲ ಒಳಗೇ ಕೂತುಬಿಟ್ಟೆ.

ಬಹಳ ಹೊತ್ತಿನ ಮೇಲೆ ಅತ್ತೆಯವರು ಹಿತ್ತಲ ಬಾಗಿಲಿನಿಂದ ಮನೆ ಸುತ್ತಿಕೊಂಡು, ಗೋಡೆ ಸವರುತ್ತ ಬಂದು, ಕಟ್ಟೆಯ ಕೆಳಗೆ ನಮಗೆ ಎದುರಾಗಿ ನಿಂತರು. ಸೆರಗು ಸರಿಸಿ ಮುಖ ತೋರಿಸಿದರು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿದ್ದರು.

"ಕಣ್ಣ ತೆಗೀರಿ ಅತ್ತಿ."

"ಬ್ಯಾಡ. ಹೊಂಟವರ ಮ್ಯಾಲ ನನ್ನ ಕಣ್ಣ ಬೀಳಬಾರದು. ಹೋಗಿ ಬರ್ರಿ. ನಿಮ್ಮ ಸಪ್ಪಳಾ ನಾ ಕೇಳಾಕ ಹತ್ತೇನಿ."

ಕಾಲು ಮುಟ್ಟಿ ನಮಸ್ಕರಿಸಿದೆವು. ಮಗನ ತಲೆಯನ್ನು ಕೈಯಿಂದ ಹುಡುಕಿ ಸವರಿದರು. ಕಾರು ಓಣಿಯ ತಿರುವಿಗೆ ಬಂದಾಗ ನಾನು ಹಿಂತಿರುಗಿ ನೋಡಿದೆ. ಅವರಿನ್ನೂ ಕಣ್ಣು ತೆಗೆದಿರಲಿಲ್ಲ.