ಒಕ್‌ಬುನ್ ನಡಿಗೆಯ ಕೀಲಿ

ದೇಜನ್ ನಗರದಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ರೇಡಿಯೊ ಪ್ರಯೋಗಶಾಲೆಯಲ್ಲಿ ಪ್ಯೋ ಒಕ್‌ಬುನ್ ಎದೆಗೆ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡು ಮೇಜುಗಳ ನಡುವೆ ನಡೆಯುತ್ತಿದ್ದಾರೆ. ಒಮ್ಮೆ ಸರಸರ, ಒಮ್ಮೆ ನಿಧಾನ, ಇದ್ದಕ್ಕಿದ್ದಂತೆ ಒಂದು ತಿರುವು. ನೋಡಿದವರಿಗೆ ಏನೋ ಕಳೆದುಕೊಂಡು ಹುಡುಕುತ್ತಿರುವಂತೆ ಕಾಣುತ್ತದೆ. ಹೀಗೆ ನಡೆಯುವುದೇ ಅವರ ಕೆಲಸ.

ಅವರ ಪೆಟ್ಟಿಗೆಯೂ ಮೇಜಿನ ಮೇಲಿರುವ ಇನ್ನೊಂದು ಪೆಟ್ಟಿಗೆಯೂ ಪರಸ್ಪರ ತರಂಗ ಕಳಿಸುತ್ತವೆ. ಗೋಡೆಗೆ, ಕಪಾಟಿಗೆ, ಮೈಗೆ ಬಡಿದು ಬರುವ ತರಂಗ ಹೆಜ್ಜೆಹೆಜ್ಜೆಗೂ ಏರಿಳಿಯುತ್ತದೆ. ಆ ಏರಿಳಿತ ಎರಡೂ ಪೆಟ್ಟಿಗೆಗೆ ಒಂದೇ. ಪಕ್ಕದಲ್ಲಿ ಕದ್ದು ಕೇಳುವವನಿಗೆ ಬೇರೆ. ಅದರಿಂದಲೇ ಎರಡೂ ಕಡೆ ಒಂದೇ ಗುಟ್ಟಿನ ಕೀಲಿ, ಅಂದರೆ ಸಂದೇಶಗಳಿಗೆ ಬೀಗ ಹಾಕುವ ಅಂಕಿಗಳ ಸಾಲು, ಹುಟ್ಟುತ್ತದೆ. ಯಾರೂ ಯಾರಿಗೂ ಕೀಲಿ ಕಳಿಸಬೇಕಿಲ್ಲ. ಆದರೆ ಎಲ್ಲವೂ ಅಲುಗದೆ ನಿಂತರೆ ಏರಿಳಿತವಿಲ್ಲ, ಕೀಲಿಯೂ ಇಲ್ಲ.

ಇಲ್ಲಿಗೆ ಬರುವ ಮೊದಲು ಒಕ್‌ಬುನ್ ಮಾರುಕಟ್ಟೆಯಲ್ಲಿ ಊಟದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಅಂಗಡಿ ಅಂಗಡಿಗೆ ಮುಟ್ಟಿಸುತ್ತಿದ್ದರು. ಕತ್ತು ಕೆಟ್ಟಿತು, ಬಿಟ್ಟರು. "ಇಪ್ಪತ್ತು ವರ್ಷ ಸಾರು ಚೆಲ್ಲದ ಹಾಗೆ ನಡ್ದೆ. ಇಲ್ಲಿಗೆ ಬಂದ್ರೆ, ಚೆಲ್ಲೋ ಹಾಗೆ ನಡೀರಿ ಅಂತಾರೆ!"

ಕಳೆದ ತಿಂಗಳು ಹಣ ಕೊಡುವ ಇಲಾಖೆಯವರು ಪರೀಕ್ಷೆಗೆ ಬಂದರು. ಕೀಲಿ ಬರದಿದ್ದರೆ ಯೋಜನೆ ಬಂದ್, ಒಕ್‌ಬುನ್ ಕೆಲಸವೂ ಬಂದ್. ಹಿರಿಯ ಅಧಿಕಾರಿ ಒಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ಸೊಂಟ ಬಾಗಿಸಿ ವಂದಿಸಿ, ಕೈಕಟ್ಟಿ, ಗೋಡೆಯುದ್ದಕ್ಕೂ ಸಾಲಾಗಿ ನಿಂತುಬಿಟ್ಟರು. ಒಕ್‌ಬುನ್ ಕೂಡ. ಹಿರಿಯರ ಮುಂದೆ ಅಡ್ಡಾಡುವವರುಂಟೇ? ತರಂಗದ ಏರಿಳಿತ ತೋರಿಸುವ ಪರದೆಯ ಮೇಲಿನ ಗೆರೆ ಚಪ್ಪಟೆಯಾಗಿ ಮಲಗಿತು.

"ಚಿಕ್ಕಮ್ಮ," ಸಂಶೋಧಕ ತಕ್ ಒಕ್‌ಬುನ್ ಕಡೆ ತಿರುಗಿ ಹಲ್ಲು ಕಚ್ಚಿ ಪಿಸುಗುಟ್ಟಿದರು, "ಚೆಲ್ಲಿ!"

ಒಕ್‌ಬುನ್ ಅಡ್ಡಾಡಲು ಹೊರಟರು. ಅಧಿಕಾರಿಯ ಮೂಗಿನ ಮುಂದೆಯೇ, ದಾಟಿದಾಗೆಲ್ಲ ತಲೆಬಾಗಿ, "ತಪ್ಪು ತಿಳೀಬೇಡಿ ಸಾರ್" ಎನ್ನುತ್ತ.

"ಈ ಯಮ್ಮನಿಗೆ ಏನಾಗಿದೆ?" ಎಂದರು ಅಧಿಕಾರಿ.

ಎಲ್ಲರ ಕಣ್ಣೂ ಪರದೆಯ ಮೇಲೆ. ಗೆರೆ ಎದ್ದು ಕುಣಿಯುತ್ತಿತ್ತು. ಎರಡೂ ಪೆಟ್ಟಿಗೆಯಲ್ಲಿ ಒಂದೇ ಕೀಲಿ ಬಂತು. ಕದ್ದು ಕೇಳಲೆಂದೇ ಇಟ್ಟಿದ್ದ ಮೂರನೆಯದಕ್ಕೆ ಏನೂ ದಕ್ಕಲಿಲ್ಲ. ಯೋಜನೆ ಉಳಿಯಿತು.

ಮಾರುಕಟ್ಟೆಯಲ್ಲಿ ಕಿಮ್ಚಿ ಉಪ್ಪಿನಕಾಯಿ ಮಾರುವ ಹಳೆಯ ಗೆಳತಿ ಚೋನ್‌ಸುಕ್ ಈಗಲೂ ಕೆಣಕುತ್ತಾರೆ: "ಏನೇ, ಅಡ್ಡಾಡೋಕ್ಕೂ ಸಂಬಳ ಕೊಡ್ತಾರೇನೇ? ಕೀಲಿ ಕಳ್ಳ ನಿನ್ನ ಹಿಂದೇನೇ ನಡ್ಕೊಂಡು ಬಂದ್ರೆ ಏನ್ಮಾಡ್ತೀಯೆ?"

ಒಕ್‌ಬುನ್ ಮೂಲಂಗಿ ಹೋಳೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. "ಬರ್ಲಿ ಬಿಡೇ. ನನ್ನ ನಡಿಗೆ ನಂಗೇ ಎರಡ್ನೇ ಸಲ ಬರಲ್ಲ. ಅವನಿಗೆಲ್ಲಿ ಬರತ್ತೆ?"