ಎಂಟನೇ ಸಮಾಧಿಯ ಎಡೆ

ನ್ಯಾಮತಿ ಕಡೆ ರಸ್ತೆ ಅಗಲ ಮಾಡುವಾಗ ಪಾಳುಬಿದ್ದ ಸ್ಮಶಾನವೊಂದು ಅಡ್ಡ ಬಂತು. ಸಮಾಧಿಗಳಿಗೆ ನಂಬರ್ ಹಾಕಿ ವಾರಸುದಾರರಿಂದ ಅರ್ಜಿ ತೆಗೆದುಕೊಳ್ಳುವುದು ನನ್ನ ಕೆಲಸ. ಅರ್ಜಿ ಬಂದವರಿಗೆ ಹೊಸ ಜಾಗದಲ್ಲಿ ಬೇರೆ ಸಮಾಧಿ. ಯಾರೂ ಕೇಳದವರನ್ನೆಲ್ಲ ಒಂದೇ ಗುಂಡಿಗೆ ಸೇರಿಸಬೇಕು ಅಂತ ನಿಯಮ.

ಕೊನೆಯ ದಿನ ಗೋವಿನಕೋವಿಯ ಅಜ್ಜಿಯೊಬ್ಬರು ಬಂದರು. "ಏಳನೇದು ನಮ್ಮತ್ತೆದು. ಎಂಟನೇದೂ ನಂದೇ ಅಂತ ಬರಕಳ್ರಿ."

"ಎಂಟನೇದು ಯಾರದು?"

"ಯಾರಿಗ್ಗೊತ್ತು? ಪಿತೃಪಕ್ಷದಾಗೆ ಅತ್ತೆಗೆ ಎಡೆ ಇಡಾಕೆ ಬರ್ತೀನಲ್ಲ, ಪಕ್ಕದಾಗಿರೋರನ್ನ ಬಿಟ್ಟು ಒಬ್ರಿಗೇ ಬಡಿಸಾಕೆ ಆಗುತ್ತೇನ್ರಿ? ಅತ್ತೆ ತೀರಿಕೊಂಡಾಗಿಂದ ಇಬ್ರಿಗೂ ಇಡ್ತೀನಿ."

"ಸಂಬಂಧ ಇಲ್ಲದವರು ಅರ್ಜಿ ಹಾಕೋ ಹಂಗಿಲ್ಲಮ್ಮ. ಹೆಸರೂ ಗೊತ್ತಿಲ್ಲ ಅಂತೀರಿ."

ಅಜ್ಜಿಗೆ ಸಿಟ್ಟು ಬಂತು. "ಹೆಸರು ಗೊತ್ತಿಲ್ಲ. ಖಾರ ಆಗಲ್ಲ ಅನ್ನೋದು ಗೊತ್ತೈತೆ. ನಮ್ಮತ್ತೆ ಎಡೆಯಾಗೆ ಕಾಗೆ ಎಲ್ಲಾ ತಿಂತೈತೆ. ಇವ್ರ ಎಡೆಯಾಗೆ ಮೆಣಸಿನಕಾಯಿ ಬಜ್ಜಿ ಒಂದು ವರ್ಷನೂ ಮುಟ್ಟಿಲ್ಲ. ಅದಕ್ಕೆ ಇವ್ರಿಗೆ ಬಜ್ಜಿ ಬದ್ಲು ಹೋಳಿಗೆ ಜಾಸ್ತಿ ಇಡ್ತೀನಿ. ನಿಮ್ಮ ಗುಂಡಿಯಾಗೆ ಇದನ್ನೆಲ್ಲ ಯಾರು ನೋಡ್ತಾರೆ?"

ನನಗೆ ಬದನೆಕಾಯಿ ಸೇರಲ್ಲ ಅನ್ನೋದು ನಮ್ಮ ಮನೆಯವರಿಗೇ ಇನ್ನೂ ನೆನಪಿರಲ್ಲ.

ಅರ್ಜಿಯಲ್ಲಿ 'ಮೃತರ ಜೊತೆ ಸಂಬಂಧ' ಅಂತ ಇದ್ದ ಕಡೆ, 'ಪ್ರತಿ ವರ್ಷ ಅಡುಗೆ ಮಾಡಿ ಬಡಿಸುವವರು' ಅಂತ ಬರೆದೆ. ವಾಪಸ್ ಬರುತ್ತೆ ಅಂತಲೇ ಅಂದುಕೊಂಡಿದ್ದೆ. ಸಾಹೇಬರು ನನ್ನನ್ನು ಕರೆಸಿ, ಬಜ್ಜಿಯ ವಿಷಯವನ್ನೆಲ್ಲ ಕೇಳಿಕೊಂಡು ಸಹಿ ಹಾಕಿದರು.

ಅವರಿಗೂ ಖಾರ ಆಗಲ್ಲ.