ಡೂಲಾಳನ್ನು ಕೇಳದೆ ಬಿಟ್ಟ ಪ್ರಶ್ನೆಗಳು

ಬಸಿರಿನ ಮೂವತ್ತೈದನೆಯ ವಾರದ ಒಂದು ಬೆಳಿಗ್ಗೆ ಚಪ್ಪಲಿ ಊದಿದ ಕಾಲಿಗೆ ಹಿಡಿಯಲಿಲ್ಲ. ತಲೆ ನೋಯುತ್ತಿತ್ತು. ಕ್ಯಾಲೆಂಡರಿನ ಅಂಕಿಗಳು ಕಲಸಿಕೊಂಡಂತೆ ಕಂಡವು.

ನಾನು ಆಸ್ಪತ್ರೆಗೆ ಫೋನ್ ಮಾಡಲಿಲ್ಲ. ನಸೀಮಾ ಅವರಿಗೆ ಮಾಡಿದೆ.

ನಸೀಮಾ ನನ್ನ ಡೂಲಾ. ಹೆರಿಗೆಯ ಹೊತ್ತಿನಲ್ಲಿ ಜೊತೆಗಿದ್ದು ಬೆನ್ನು ನೀವುವ, ಧೈರ್ಯ ತುಂಬುವ ಸಂಗಾತಿ. ವೈದ್ಯೆಯಲ್ಲ, ನರ್ಸೂ ಅಲ್ಲ. ಬೀದರ್ ಕಡೆಯವರು, ಈಗ ನಮ್ಮ ಈ ತೆಲುಗು ಊರಿನ ಸನತ್‌ನಗರದಲ್ಲಿ ವಾಸ. ಮೂವರನ್ನು ಸಂದರ್ಶಿಸಿ ಅವರನ್ನು ಆರಿಸಿದ್ದೆ. ಅನಗತ್ಯ ಸಿಸೇರಿಯನ್ ಬಗ್ಗೆ, ಹೆಣ್ಣಿಗೆ ತನ್ನ ದೇಹದ ಮೇಲಿರುವ ಹಕ್ಕಿನ ಬಗ್ಗೆ ಒಂದು ಗಂಟೆ ಪ್ರಶ್ನಿಸಿದ್ದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಬೆಳೆದವಳು ನಾನು. ನಿಲುವು ಸರಿಯಿದ್ದರೆ ಉಳಿದುದೆಲ್ಲ ಅದರ ಹಿಂದೆಯೇ ಬರುತ್ತದೆಂದು ನಂಬಿದ್ದೆ.

“ಬಿಸಿನೀರಾಗ ಕಾಲಿಟ್ಟರ ಸಾಕೇನ್ರಿ?” ಎಂದೆ.

“ಕಣ್ಣು ಮಂಜಂದ್ರಲ್ಲ, ಇದು ನನ್ನ ಕೆಲಸ ಅಲ್ರಿ. ಜಲ್ದಿ ಆಸ್ಪತ್ರಿಗಿ ಹೊಂಡ್ರಿ. ನಾನೂ ಅಲ್ಲಿಗೇ ಬರ್ತೀನಿ.”

ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ ನೂರ ಎಪ್ಪತ್ತು, ನೂರ ಹತ್ತು. ಪ್ರಿಎಕ್ಲಾಂಪ್ಸಿಯಾ, ಬಸಿರಿನಲ್ಲಿ ರಕ್ತದೊತ್ತಡ ಏರಿ ಬರುವ ಕಾಯಿಲೆ.

“ಫಿಟ್ಸ್ ಬರುವ ಅಪಾಯ ಇದೆ. ಮಗುವಿನ ಹಾರ್ಟ್‌ಬೀಟ್ ಇಳಿಯುತ್ತಿದೆ. ಇವತ್ತೇ ಸಿಸೇರಿಯನ್ ಆಗಬೇಕು,” ಎಂದರು ಡಾಕ್ಟರ್.

ನಾನು ವಾದಕ್ಕಿಳಿದೆ. ಕೈಗೆ ಡ್ರಿಪ್, ಮೈಯೆಲ್ಲ ಉರಿ. ಮೊದಲನೆಯ ಅಂಶ, ಎರಡನೆಯ ಅಂಶ ಎಂದು ಎಣಿಸುತ್ತ ತೊದಲಿದೆ. ಕೊನೆಗೆ ನಸೀಮಾರತ್ತ ತಿರುಗಿ, “ನೀವರ ಹೇಳ್ರಿ,” ಎಂದೆ.

“ಔಷಧದ ಮಾತಿನ್ಯಾಗ ನಾ ಬಾಯಿ ಹಾಕಂಗಿಲ್ರಿ. ನಿಮಗ ಅನುಮಾನ ಇದ್ರ ಅವರನ್ನ ಇನ್ನೊಮ್ಮೆ ಕೇಳ್ರಿ. ನಾ ವಕೀಲಿ ಮಾಡಾಕ ಬಂದಿಲ್ಲ, ಜೋಡಿ ಇರಾಕ ಬಂದೀನಿ.”

ನನ್ನೊಂದಿಗೆ ಬಂದಿದ್ದ ಅವ್ವ ಮಂಚದ ಆ ಬದಿಯಿಂದ, “ಗೆದ್ದು ಏನ್ ಮಾಡ್ತಿ ಯವ್ವಾ? ಕೂಸಿನ ಕೈಯಾಗ ನಿನ್ನ ಡಿಬೇಟಿನ ಕಪ್ ಕೊಡ್ತಿಯೇನು?” ಎಂದಳು.

ಆಗ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದೆ: ಕಾದರೆ ಏನಾಗುತ್ತದೆ?

“ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳಬಹುದು.”

ಸಹಿ ಮಾಡಿದೆ.

ಥಿಯೇಟರಿನ ಬಾಗಿಲಲ್ಲಿ ನರ್ಸ್, “ಲೋಪಲಿಕಿ ರಾಕೂಡದಮ್ಮಾ,” ಎಂದು ತೆಲುಗಿನಲ್ಲಿ ಹೇಳಿ ನಸೀಮಾರನ್ನು ಒಳಗೆ ಬಿಡದೆ ತಡೆದರು. ಡೂಲಾಳನ್ನು ಒಳಗೆ ಬಿಡುತ್ತೀರಾ ಎಂದು ಈ ಆಸ್ಪತ್ರೆಯನ್ನು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಹಿಡಿದಿದ್ದ ಕೈ ಅಲ್ಲಿಯೇ ಕಳಚಿತು.

ಮಗಳು ಹುಟ್ಟಿದಾಗ ಎರಡು ಕಿಲೋ ಕೂಡ ಇರಲಿಲ್ಲ. ಹನ್ನೊಂದು ದಿನ ಎಳೆಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದ್ದಳು. ನಸೀಮಾ ದಿನವೂ ಬಂದು ಹಾಲು ಹಿಂಡುವುದನ್ನು ಕಲಿಸಿದರು. ನಾನು ಅಳುತ್ತಿದ್ದರೆ ಅಳಲು ಬಿಟ್ಟರು.

ಹೆರುವ ಪ್ರತಿ ಹೆಣ್ಣಿಗೂ ಅವಳು ಬಯಸಿದ ಸಂಗಾತಿ ಇರಬೇಕೆಂಬ ನನ್ನ ನಂಬಿಕೆ ಬದಲಾಗಿಲ್ಲ. ಆಸ್ಪತ್ರೆಗೆ ಮನವಿಯನ್ನೂ ಬರೆದಿದ್ದೇನೆ. ಆದರೆ ಡೂಲಾಳನ್ನು ಗೊತ್ತುಮಾಡಬೇಕೆಂದಿರುವವರಿಗೆ ಹೇಳುವುದಿಷ್ಟೆ. ಅವಳ ಅಭಿಪ್ರಾಯಗಳಿಗಿಂತ ಮೊದಲು, ಅವಳು ಏನನ್ನು ಮಾಡುವುದಿಲ್ಲ ಎಂಬುದನ್ನು ಕೇಳಿ. ಅವಳಿಗೆ ಬರಲಾಗದಿದ್ದರೆ ಯಾರು ಬರುತ್ತಾರೆ? ಆಪರೇಷನ್ ಆದರೆ ಅವಳು ಎಲ್ಲಿರುತ್ತಾಳೆ? ಆಸ್ಪತ್ರೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ತಲೆ ನೋವು, ಊತ, ಮಂಜುಗಣ್ಣು ಬಂದರೆ ಮೊದಲ ಫೋನ್ ಆಸ್ಪತ್ರೆಗೆ.

ಬಿಪಿ ಮಾತ್ರೆ ಇನ್ನೂ ನಿಂತಿಲ್ಲ. ದಣಿವೂ ನಿಂತಿಲ್ಲ. ನಿನ್ನೆ ನಸೀಮಾ ಮನೆಗೆ ಬಂದಿದ್ದಾಗ ಮಗಳು ಮೊದಲ ಬಾರಿಗೆ ತಾನಾಗಿ ಎದೆಗೆ ಬಾಯಿ ಹಚ್ಚಿ ಹಾಲು ಕುಡಿದಳು.

“ಏನರ ಮಾಡ್ಲೇನ್ರಿ?” ಎಂದರು ನಸೀಮಾ.

“ಸುಮ್ ಕೂಡ್ರಿ,” ಎಂದೆ.

ಕೂತರು.